ರಾಯಚೂರಿನ ಬಿರುಬಿಸಿಲಲ್ಲೂ ಬಚ್ಚಲಿಗೆ ಉದ್ದಗಾಲಿನ ಜರಿ ಯಾಕೆ ಬರುತ್ತದೆ?

ತೇವಕ್ಕಾಗಿ. ಈ ಜರಿಯ ಮೈ ಬೇಗ ಒಣಗುತ್ತದೆ. ಕಲ್ಲಿನಡಿ, ತರಗೆಲೆ, ಗುಹೆಗಳ ತಂಪೇ ಅದರ ಸಹಜ ನೆಲೆ. ಬೇಸಿಗೆಯಲ್ಲಿ ಹೊರಗೆ ನೆಲ ಕಾದಾಗ ಬಚ್ಚಲ ಫರಸಿ ಸಂದಿಯೇ ಆಸರೆ. ಜಗತ್ತೆಲ್ಲ ಹಬ್ಬಿರುವ ಸ್ಕುಟಿಜೆರಾ ಕೋಲಿಯಾಪ್ಟ್ರಾಟಾ ಜಾತಿ ಮೂಲತಃ ಮೆಡಿಟರೇನಿಯನ್ ಸೀಮೆಯದು. ಅದರ ದಾಯಾದಿ ಥೆರಿಯೊಪೋಡಾ ಭಾರತದಲ್ಲೂ ಇದೆ.

ಬೆಳೆದದ್ದಕ್ಕೆ 15 ಜೊತೆ ಕಾಲು, ಆಗಷ್ಟೇ ಹುಟ್ಟಿದ ಮರಿಗೆ 4 ಜೊತೆ. ಹಿಂದಿನ ಜೊತೆ ಮೀಸೆಯಂತೆ ನೀಳ, ಹೀಗಾಗಿ ತಲೆ ಯಾವ ಕಡೆ ಎಂದೇ ತಿಳಿಯುವುದಿಲ್ಲ.

ದಯವಿಟ್ಟು ಕೊಲ್ಲಬೇಡಿ, ರಾತ್ರಿ ಜಿರಳೆ ಹಿಡಿದು ತಿನ್ನುತ್ತದೆ. ಕಾಲು ಹಿಡಿದರೆ ಕಾಲನ್ನೇ ಕಳಚಿ ಓಡುತ್ತದೆ. ಡಬ್ಬಿ ಕವುಚಿ, ಅಡಿಗೆ ರಟ್ಟು ತೂರಿಸಿ ಹಿತ್ತಲ ಕಲ್ಲಿನ ಬಳಿ ಬಿಡಿ. ಮೋರಿಗೆ ಸಣ್ಣ ಕಣ್ಣಿನ ಜಾಲರಿ, ಸಂದಿಗೆ ಸಿಮೆಂಟು ಹಾಕಿ. ಬರೀ ಔಷಧಿ ಹೊಡೆದು ತೇವ, ಜಿರಳೆ ಉಳಿಸಿದರೆ ಮತ್ತೆ ಬರುತ್ತದೆ.