ವಾಕ್ಯ ಕೊಟ್ಟರೆ ಸಾಲದು, ವಾದ ಬೇಕು

ಆತ್ಮೀಯರೇ,

ಚಿತ್ರದುರ್ಗದಿಂದ ನೀವು ಕಳಿಸಿದ ‘ಕ್ರೈಸ್ತ ದೇವಶಾಸ್ತ್ರಕ್ಕೆ ಬೈಬಲ್ ಒಂದೇ ಮೂಲ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಹಾಗೆಂದು ಕೈಬಿಡಬೇಡಿ. ನೀವು ಬೈಬಲನ್ನು ನಿಜವಾಗಿ ಓದಿದ್ದೀರಿ, ಭಾಷೆಯೂ ಹದವಾಗಿದೆ.

ತೊಡಕು ಇಷ್ಟು: ಪುಟಪುಟಕ್ಕೂ ವಾಕ್ಯ ಉದ್ಧರಿಸಿ, ‘ಬೈಬಲ್ ಹೀಗೆ ಹೇಳುತ್ತದೆ’ ಎಂದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ವಾಕ್ಯದಿಂದ ಸಿದ್ಧಾಂತಕ್ಕೆ ಬಂದದ್ದು ಹೇಗೆ? ದೇವಶಾಸ್ತ್ರದ ಕೆಲಸವೆಲ್ಲ ಅಲ್ಲೇ ಇರುವುದು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿಯೇಕತ್ವದ ಭಾಗವನ್ನೇ ನೋಡಿ. ‘ನಾನೂ ತಂದೆಯೂ ಒಂದಾಗಿದ್ದೇವೆ’ ಎಂಬ ಯೇಸುವಿನ ಮಾತನ್ನು (ಯೇಸುವಿನ ಜೀವನ ಹೇಳುವ ಸುವಾರ್ತೆಗಳಲ್ಲೊಂದಾದ ಯೋಹಾನ, 10:30) ಕೊಟ್ಟು ಮುಗಿಸಿದ್ದೀರಿ. ಅದೇ ಸುವಾರ್ತೆಯ 14:28ರಲ್ಲಿ ಯೇಸು, ತಂದೆ ತನಗಿಂತ ದೊಡ್ಡವನು ಎನ್ನುತ್ತಾನಲ್ಲ! ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್‌ನ ಕಡೆಯವರು ಇಂಥ ವಾಕ್ಯಗಳನ್ನೇ ಹಿಡಿದು, ಮಗನು, ಅಂದರೆ ಯೇಸು, ಸೃಷ್ಟಿಯಾದವನು ಎಂದು ವಾದಿಸಿದರು. ಅವರ ಕೈಯಲ್ಲಿದ್ದದ್ದೂ ಅದೇ ಧರ್ಮಗ್ರಂಥ. ಬಿಷಪ್ಪರು ಸೇರಿದ 325ರ ನೈಸಿಯಾ ಸಭೆ, ಮಗನು ತಂದೆಯೊಡನೆ ಒಂದೇ ಸತ್ವದವನು ಎಂದು ತೀರ್ಮಾನಿಸಿತು. ‘ಒಂದೇ ಸತ್ವ’ ಎಂಬ ಆ ಮಾತು ಬೈಬಲಿನಲ್ಲಿ ಎಲ್ಲೂ ಇಲ್ಲ. ಬೈಬಲಿನ ತಾತ್ಪರ್ಯ ಕಾಯುವುದಕ್ಕೇ ಹೊರಗಿನ ಮಾತು ತರಬೇಕಾಯಿತು ಎಂದು ಬಿಷಪ್ ಅಥನೇಸಿಯಸ್ ಅದನ್ನು ಜೀವನವಿಡೀ ಸಮರ್ಥಿಸಿದ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳ ಪಟ್ಟಿ ಸಿಗುವುದೂ 367ರಲ್ಲಿ ಅವನೇ ಬರೆದ ಪತ್ರದಲ್ಲಿ. ನಿಮ್ಮ ಲೇಖನದ ಜೀವ ಇಲ್ಲಿರಬೇಕಿತ್ತು, ನೀವು ಇಲ್ಲಿಗೆ ಬರಲೇ ಇಲ್ಲ.

‘ಎಲ್ಲ ಕ್ರೈಸ್ತರೂ ಒಪ್ಪುತ್ತಾರೆ’ ಎಂಬ ಸಾಲನ್ನು ಹೊಡೆದುಹಾಕಿ. ಪ್ರೊಟೆಸ್ಟೆಂಟ್ ಪಂಥಕ್ಕೆ ಬುನಾದಿ ಹಾಕಿದ ಲೂಥರ್‌ಗೆ ಧರ್ಮಗ್ರಂಥವೇ ಅಂತಿಮ ನ್ಯಾಯಾಧೀಶ. ಗ್ರಂಥದ ಜೊತೆ ಚರ್ಚಿನ ಪರಂಪರೆಯನ್ನೂ ಅಷ್ಟೇ ಗೌರವದಿಂದ ಸ್ವೀಕರಿಸುತ್ತೇವೆ ಎಂದು ಕ್ಯಾಥೊಲಿಕರ ಟ್ರೆಂಟ್ ಸಭೆ 1546ರಲ್ಲಿ ಹೇಳಿತು. ಪುಸ್ತಕಗಳ ಎಣಿಕೆಯಲ್ಲೇ ವ್ಯತ್ಯಾಸವಿದೆ: ಪ್ರೊಟೆಸ್ಟೆಂಟರಿಗೆ 66, ಕ್ಯಾಥೊಲಿಕರಿಗೆ 73. ಆದರೂ ಬೈಬಲಿನ ಅಧ್ಯಯನವೇ ದೇವಶಾಸ್ತ್ರದ ಆತ್ಮವಿದ್ದಂತೆ ಎಂದು 1965ರಲ್ಲಿ ಕ್ಯಾಥೊಲಿಕರದೇ ಎರಡನೇ ವ್ಯಾಟಿಕನ್ ಸಭೆಯೂ ಹೇಳಿದೆ. ಆದ್ದರಿಂದ ‘ಮುಖ್ಯ ಮೂಲ’ ಎಂದರೆ ನಿಮ್ಮ ವಾದ ನಿಲ್ಲುತ್ತದೆ. ‘ಒಂದೇ ಮೂಲ’ ಎಂದರೆ ಹರಿಹರದಲ್ಲೇ ಬಿದ್ದುಹೋಗುತ್ತದೆ. ಅಲ್ಲಿ ಯೇಸುವಿನ ತಾಯಿ ಮರಿಯಳಿಗೆ ಮೀಸಲಾದ ಕ್ಯಾಥೊಲಿಕರ ಆರೋಗ್ಯ ಮಾತೆಯ ಬೆಸಿಲಿಕಾಕ್ಕೆ ಸೆಪ್ಟೆಂಬರ್ ಹಬ್ಬದಲ್ಲಿ ಹೋಗಿ ಬನ್ನಿ. ಮರಿಯಳು ದೇಹಸಹಿತ ಸ್ವರ್ಗಕ್ಕೇರಿದಳು ಎಂಬುದನ್ನು ಪೋಪ್ 1950ರಲ್ಲಿ ವಿಶ್ವಾಸ ಸತ್ಯವೆಂದು ಸಾರಿದರು. ಆ ಪ್ರಸಂಗ ಯಾವ ಸುವಾರ್ತೆಯಲ್ಲೂ ಇಲ್ಲ. ಅದಕ್ಕೆ ಆಧಾರವೇನು ಎಂದು ಅಲ್ಲಿಯ ಗುರುಗಳನ್ನು ಕೇಳಿ, ಅದೇ ಪ್ರಶ್ನೆಯನ್ನು ನಿಮ್ಮೂರಿನ ಒಬ್ಬ ಪ್ರೊಟೆಸ್ಟೆಂಟ್ ಪಾಸ್ಟರಿಗೂ ಕೇಳಿ. ಇಬ್ಬರ ಉತ್ತರವನ್ನೂ ಬರೆಯಿರಿ.

ನಮ್ಮ ಓದುಗರಲ್ಲಿ ಬಹುಪಾಲು ಜನ ಬೈಬಲ್ ತೆರೆದವರಲ್ಲ. ಆದರೆ ವೇದ ಪ್ರಮಾಣವೋ, ಶರಣರ ಅನುಭಾವ ಪ್ರಮಾಣವೋ ಎಂಬ ಚರ್ಚೆ ಕೇಳುತ್ತ ಬೆಳೆದವರು. ಪ್ರಮಾಣದ ಪ್ರಶ್ನೆಯಾಗಿ ಎತ್ತಿಕೊಂಡರೆ ನಿಮ್ಮ ವಿಷಯ ಅವರಿಗೆ ತಟ್ಟನೆ ಹತ್ತಿರವಾಗುತ್ತದೆ.

ಹೊಗಳಿಕೆಯ ಮೊದಲ ಎರಡು ಪುಟ ತೆಗೆಯಿರಿ. ಉದ್ಧರಣೆಗಳಲ್ಲಿ ಯೋಹಾನನ ಆ ಎರಡನ್ನು ಇಟ್ಟುಕೊಂಡರೆ ಸಾಕು. ನವೆಂಬರ್ ಮೊದಲ ವಾರದೊಳಗೆ ಕಳಿಸಿ, ಕ್ರಿಸ್‌ಮಸ್ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ
ದಾವಣಗೆರೆ