ಓದುಗರ ಪ್ರಶ್ನೆ: ಲಿಂಡನ್ ಜಾನ್ಸನ್ ಹಾಕಿಟ್ಟ ಲೆಕ್ಕಗಳು

ಪ್ರ: ಕೆನಡಿ ಹೆಸರು ಎಲ್ಲರಿಗೂ ಗೊತ್ತು. ಅವರ ನಂತರ ಅಮೆರಿಕದ ಅಧ್ಯಕ್ಷರಾಗಿ ಬಂದ ಲಿಂಡನ್ ಜಾನ್ಸನ್ ಅಂದರೆ ನೆನಪಾಗುವುದು ವಿಯೆಟ್ನಾಂ ಯುದ್ಧ ಮಾತ್ರ. ಕಾನೂನು ಮಾಡಿಸುವುದರಲ್ಲಿ ಜಾನ್ಸನ್ ಕೆನಡಿಗಿಂತ ಗಟ್ಟಿಗ ಎನ್ನುತ್ತಾರಲ್ಲ, ನಿಜವೇ? (ಧಾರವಾಡ)

ಉ: ನಿಜ. 1963ರ ಜೂನ್‌ನಲ್ಲಿ ಕರಿಯರ ವಿರುದ್ಧದ ಭೇದಭಾವ ನಿಲ್ಲಿಸಲು ಕೆನಡಿ ಸಂಸತ್ತಿಗೆ ಕಳಿಸಿದ ನಾಗರಿಕ ಹಕ್ಕುಗಳ ಮಸೂದೆ, ನವೆಂಬರ್‌ನಲ್ಲಿ ಅವರ ಹತ್ಯೆಯಾದಾಗ ಕೆಳಮನೆಯ ರೂಲ್ಸ್ ಕಮಿಟಿಯಲ್ಲಿ ಕೊಳೆಯುತ್ತಿತ್ತು. ಕಮಿಟಿಯ ಅಧ್ಯಕ್ಷ ವರ್ಜೀನಿಯಾದ ಹೊವರ್ಡ್ ಸ್ಮಿತ್ ಅದನ್ನು ಬಿಟ್ಟುಕೊಡುವ ಆಸಾಮಿಯಲ್ಲ. ಕಮಿಟಿಯನ್ನು ದಾಟಿಸಿ ಮಸೂದೆಯನ್ನು ಸದನಕ್ಕೆ ಎಳೆತರಬೇಕಾದರೆ 218 ಸದಸ್ಯರ ಸಹಿ ಬೇಕು. ಜಾನ್ಸನ್ ಫೋನ್ ಹಿಡಿದು ಒಬ್ಬೊಬ್ಬರ ಬೆನ್ನು ಹತ್ತಿದರು. ಸಹಿ ಪೂರ್ತಿಯಾಗುವ ಮೊದಲೇ ಸ್ಮಿತ್ ಮಣಿದರು.

ಮೇಲ್ಮನೆಯಾದ ಸೆನೆಟ್‌ನಲ್ಲಿ ಕಷ್ಟ ಇನ್ನೊಂದು ತರಹದ್ದು. ಅಲ್ಲಿ ಭಾಷಣ ನಿಲ್ಲಿಸದೆಯೇ ಮಸೂದೆಯನ್ನು ಸಾಯಿಸಬಹುದು. ಅದನ್ನೇ ಫಿಲಿಬಸ್ಟರ್ ಎನ್ನುವುದು. ಅದನ್ನು ಮುರಿಯಲು ಆಗ 100ರಲ್ಲಿ 67 ಮತ ಬೇಕಿತ್ತು. 1964ರ ಜೂನ್ 10ರಂದು ಬಿದ್ದದ್ದು 71. ಮೆದುಳಿನ ಗೆಡ್ಡೆಯಿಂದ ಮಾತು ನಿಂತಿದ್ದ ಕ್ಯಾಲಿಫೋರ್ನಿಯಾದ ಸೆನೆಟರ್ ಕ್ಲೇರ್ ಎಂಗಲ್ ಗಾಲಿಕುರ್ಚಿಯಲ್ಲಿ ಬಂದು, ತಮ್ಮ ಹೆಸರು ಕೂಗಿದಾಗ ಬೆರಳಿನಿಂದ ಕಣ್ಣು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ‘ಐ’, ಮತ ಹಾಕುವಾಗ ‘ಹೌದು’ ಎನ್ನುವುದಕ್ಕೂ ‘ಐ’. ಆ 71ರಲ್ಲಿ 27 ಮತ ವಿರೋಧ ಪಕ್ಷವಾದ ರಿಪಬ್ಲಿಕನ್ನರದು. ಹಾಗಾಗಿ ಅವರ ನಾಯಕ ಎವರೆಟ್ ಡರ್ಕ್‌ಸನ್‌ಗೆ ಪಾಲು ಕೊಡದೆ ಪೂರ್ತಿ ಶ್ರೇಯಸ್ಸು ಜಾನ್ಸನ್‌ಗೇ ಕಟ್ಟುವುದು ಸರಿಯಲ್ಲ. ಈ 67ರ ಮಿತಿ 1975ರಲ್ಲಿ 60ಕ್ಕೆ ಇಳಿಯಿತು.

ಪ್ರ: ಜಾನ್ಸನ್ ಅವರದೇ ಮತದಾನ ಹಕ್ಕು ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ರದ್ದು ಮಾಡಿತಂತೆ? (ಹಾಸನ)

ಉ: ಇಡೀ ಕಾಯ್ದೆಯನ್ನಲ್ಲ, ಒಂದು ಸೂತ್ರವನ್ನು. 1965ರ ಆ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೆಲವು ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಯಾವ ರಾಜ್ಯಗಳು ಎಂದು ಹೇಳುವುದು 4ನೇ ಕಲಮು: 1964ರಲ್ಲಿ ಮತದಾರರಿಗೆ ಅಕ್ಷರ ಪರೀಕ್ಷೆಯಂಥದ್ದು ಇಟ್ಟಿದ್ದು, ನೋಂದಣಿ ಇಲ್ಲವೇ ಮತದಾನ ಶೇ. 50 ಮುಟ್ಟದ ಕಡೆ. 2006ರಲ್ಲಿ ಸಂಸತ್ತು ಕಾಯ್ದೆಯನ್ನು ಇನ್ನೂ 25 ವರ್ಷಕ್ಕೆ ವಿಸ್ತರಿಸಿತು, ಆದರೆ ಸೂತ್ರ ಮುಟ್ಟಲಿಲ್ಲ. ಹಳೇ ಅಂಕಿಯ ಮೇಲೆ ಇಂದಿನ ರಾಜ್ಯಗಳನ್ನು ಅಳೆಯಲಾಗದು ಎಂದು ಕೋರ್ಟ್ 5-4ರಲ್ಲಿ 4ನೇ ಕಲಮಿನ ಸೂತ್ರವನ್ನು ಹೊಡೆದುಹಾಕಿತು. 5ನೇ ಕಲಮು ಪುಸ್ತಕದಲ್ಲಿ ಹಾಗೇ ಇದೆ. ಗಾಣ ಇದೆ, ಎತ್ತಿಲ್ಲ.

ಪ್ರ: ನಮ್ಮ ಅಕ್ಕನ ಮಗ ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿದ್ದಾನೆ. ಜೊತೆಗೆ ಕೆಲಸ ಮಾಡುವ ಬೇರೆ ದೇಶದವರಿಗೆ ಬೇಗ ಬಂತು. ಇದಕ್ಕೂ ಜಾನ್ಸನ್ ಕಾಯ್ದೆಯೇ ಕಾರಣವಂತೆ. ಹೌದೇ? (ಮೈಸೂರು)

ಉ: ಅರ್ಧ ಹೌದು. ಬಾಗಿಲು ತೆರೆದದ್ದೂ ಆ ಕಾಯ್ದೆ, ಹೊಸ್ತಿಲಲ್ಲಿ ಸಾಲು ನಿಲ್ಲಿಸಿದ್ದೂ ಅದೇ.

1946ರಿಂದ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. 1965ರ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಲಿಬರ್ಟಿ ದ್ವೀಪದಲ್ಲಿ ಜಾನ್ಸನ್ ಸಹಿ ಹಾಕಿದ ವಲಸೆ ಕಾಯ್ದೆ ಈ ಜನಾಂಗವಾರು ಕೋಟಾ ತೆಗೆಯಿತು. ಯುರೋಪ್, ಏಷ್ಯಾ, ಆಫ್ರಿಕಾ ಎಲ್ಲಾ ಸೇರಿ ವರ್ಷಕ್ಕೆ 1,70,000. ಒಂದು ದೇಶಕ್ಕೆ ಹೆಚ್ಚೆಂದರೆ 20,000. ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ ಎಂದು ಅವರೇ ಅಂದು ಭಾಷಣದಲ್ಲಿ ಹೇಳಿದರು. ಎಂಥ ತಪ್ಪು ಅಂದಾಜು! ಇವತ್ತು ಅಮೆರಿಕದ ಊರೂರಲ್ಲಿ ಕನ್ನಡ ಕೂಟಗಳಿರುವುದು ಆ ಸಹಿಯಿಂದ.

ಪ್ರತಿ ದೇಶಕ್ಕೂ ಒಂದೇ ಮಿತಿ ಎಂಬ ತತ್ವ ಮಾತ್ರ ಉಳಿಯಿತು. ಹಿರಿಯ ಬುಷ್ ಸಹಿ ಹಾಕಿದ 1990ರ ಕಾಯ್ದೆ ಅದನ್ನು ವರ್ಷದ ಒಟ್ಟು ಕಾರ್ಡುಗಳಲ್ಲಿ ಶೇ. 7 ಮಾಡಿತು. ಎಚ್-1ಬಿ ಎಂಬ ಕೆಲಸದ ವೀಸಾ ಹುಟ್ಟಿದ್ದೂ ಆಗಲೇ. ಅದನ್ನು ಜಾನ್ಸನ್ ಖಾತೆಗೆ ಹಾಕಬೇಡಿ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳ ಕಾರ್ಡೂ ಅದರೊಳಗೇ ಎಣಿಕೆ. ಭಾರತದಷ್ಟು ದೊಡ್ಡ ದೇಶಕ್ಕೂ ಐಸ್‌ಲ್ಯಾಂಡಿಗೂ ಒಂದೇ ಶೇ. 7.

ಎಣಿಕೆ ನಡೆಯುವುದು ಪಾಸ್‌ಪೋರ್ಟಿನ ಮೇಲಲ್ಲ, ಹುಟ್ಟಿದ ದೇಶದ ಮೇಲೆ. ನಿಮ್ಮ ಹುಡುಗ ಕೆನಡಾ ಪೌರತ್ವ ತೆಗೆದುಕೊಂಡರೂ ಸಾಲು ಬದಲಾಗದು. ಆದರೆ ಅವನ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದವಳಾದರೆ, ಉದಾಹರಣೆಗೆ ತಂದೆ ದುಬೈಯಲ್ಲಿ ಕೆಲಸದಲ್ಲಿದ್ದಾಗ ಅಲ್ಲಿ ಹುಟ್ಟಿದವಳಾದರೆ, ಇಬ್ಬರೂ ಆ ದೇಶದ ಸಾಲಿಗೆ ಹೋಗಬಹುದು. ಮಕ್ಕಳು ಹುಟ್ಟಿದ ದೇಶ ತಂದೆತಾಯಿಗೆ ಉಪಯೋಗಕ್ಕೆ ಬರುವುದಿಲ್ಲ. ಹೆಂಡತಿಯ ಜನನ ಪ್ರಮಾಣಪತ್ರ ತೆಗೆಸಿ ವಕೀಲರಿಗೆ ಮೊದಲು ತೋರಿಸಲಿ.

ಪ್ರ: ಮಗ ಅಮೆರಿಕದ ಪ್ರಜೆ, ಇಪ್ಪತ್ತು ವರ್ಷದಿಂದ ತೆರಿಗೆ ಕಟ್ಟಿದ್ದಾನೆ. ನಮಗಿಬ್ಬರಿಗೂ ಗ್ರೀನ್ ಕಾರ್ಡ್ ಬಂದಿದೆ, ವಯಸ್ಸು ಅರುವತ್ತೈದು ದಾಟಿದೆ. ಜಾನ್ಸನ್ ತಂದ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ನಮಗೆ ಸಿಗುತ್ತದೆಯೇ? (ಶಿವಮೊಗ್ಗ)

ಉ: ಮೆಡಿಕೇರ್ ಜಾನ್ಸನ್ 1965ರ ಜುಲೈ 30ರಂದು ಸಹಿ ಹಾಕಿದ್ದು. ಮೊದಲ ಕಾರ್ಡನ್ನು ಮಾಜಿ ಅಧ್ಯಕ್ಷ ಟ್ರೂಮನ್ ಕೈಗೆ ಕೊಟ್ಟರು. ಕರಿಯರನ್ನು ಬೇರೆ ವಾರ್ಡಿನಲ್ಲಿ ಮಲಗಿಸುವ ಆಸ್ಪತ್ರೆಗೆ ಮೆಡಿಕೇರ್ ದುಡ್ಡಿಲ್ಲ ಎಂದು ಸರ್ಕಾರ ಪಟ್ಟು ಹಿಡಿದಾಗ ದಕ್ಷಿಣದ ಎಷ್ಟೋ ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ವಾರ್ಡುಗಳನ್ನು ಒಂದು ಮಾಡಿದವು.

ನಿಮ್ಮ ವಿಷಯಕ್ಕೆ ಬರೋಣ. ಮಗ ಕಟ್ಟಿದ ತೆರಿಗೆ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಆಸ್ಪತ್ರೆ ಖರ್ಚಿನ ಪಾರ್ಟ್ ಎ ಪುಕ್ಕಟೆ ಸಿಗಲು ನೀವೋ ನಿಮ್ಮ ಸಂಗಾತಿಯೋ ಅಮೆರಿಕದಲ್ಲಿ ದುಡಿದು 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷದ ಲೆಕ್ಕ ಗಳಿಸಿರಬೇಕು. ಭಾರತದ ಪಿ.ಎಫ್. ಇದಕ್ಕೆ ಸೇರದು. ಅದಿಲ್ಲದಿದ್ದರೆ ಗ್ರೀನ್ ಕಾರ್ಡಿನ ಮೇಲೆ ಸತತ ಐದು ವರ್ಷ ಅಲ್ಲಿ ವಾಸವಿದ್ದ ಮೇಲೆ ದುಡ್ಡು ಕೊಟ್ಟು ಕೊಳ್ಳಬಹುದು. 2025ರಲ್ಲಿ ದರ ಒಬ್ಬರಿಗೆ ತಿಂಗಳಿಗೆ ಪಾರ್ಟ್ ಎ 518 ಡಾಲರ್, ಡಾಕ್ಟರ್ ಖರ್ಚಿನ ಪಾರ್ಟ್ ಬಿ 185 ಡಾಲರ್ ಇತ್ತು. ಬಿ ಇಲ್ಲದೆ ಎ ಮಾತ್ರ ಕೊಳ್ಳಲು ಬಿಡುವುದಿಲ್ಲ.

ಅರ್ಹತೆ ಬಂದಾಗ ನೋಂದಣಿಗೆ ಒಟ್ಟು ಏಳು ತಿಂಗಳ ಅವಕಾಶ. ತಪ್ಪಿಸಿದರೆ ಮುಂದೆ ಜನವರಿ 1ರಿಂದ ಮಾರ್ಚ್ 31ರೊಳಗೆ ಮಾತ್ರ, ಅದೂ ತಡವಾದ ಪ್ರತಿ ಪೂರ್ತಿ ವರ್ಷಕ್ಕೆ ಬಿ ಮೇಲೆ ಶೇ. 10 ದಂಡ. ಬಿ ಇರುವಷ್ಟು ಕಾಲವೂ ಆ ದಂಡ ಬೆನ್ನು ಬಿಡದು. ಇನ್ನೊಂದು: ಶಿವಮೊಗ್ಗಕ್ಕೆ ಬಂದಾಗ ಇಲ್ಲಿ ಆಸ್ಪತ್ರೆ ಸೇರಿದರೆ ಮೂಲ ಮೆಡಿಕೇರ್ ಬಿಲ್ಲು ಕೊಡುವುದಿಲ್ಲ. ಇಲ್ಲಿನ ಆರೋಗ್ಯ ವಿಮೆ ಇದ್ದರೆ ಅದನ್ನು ನಿಲ್ಲಿಸಬೇಡಿ.