ಹಾಕಿಸಿಕೊಂಡ ಟ್ಯಾಟೂ ಆಮೇಲೆ ಬೇಡ ಅನ್ನಿಸಿದರೆ ತೆಗೆಸಬಹುದಾ?

ತೆಗೆಸಬಹುದು, ಲೇಸರ್‌ನಿಂದ. ಆದರೆ ಒಂದೇ ಸಲಕ್ಕೆ ಹೋಗಲ್ಲ. ಕೆಲವರಿಗೆ ಮಸುಕು ಗುರುತು ಉಳಿದೇ ಉಳಿಯುತ್ತದೆ.

ಶಾಯಿ ಕೂತಿರುವುದು ಚರ್ಮದ ಎರಡನೇ ಪದರದಲ್ಲಿ. ಅಲ್ಲಿನ ರಕ್ಷಣಾ ಜೀವಕೋಶಗಳು ಅದನ್ನು ನುಂಗಿಕೊಂಡಿರುತ್ತವೆ, ಆದರೆ ಶಾಯಿಯ ಚೂರು ದೊಡ್ಡದು, ಹೊರಗೆ ಸಾಗಿಸಲು ಆಗುವುದಿಲ್ಲ. ಅದಕ್ಕೇ ಎಷ್ಟು ಉಜ್ಜಿದರೂ ಟ್ಯಾಟೂ ಹೋಗದು. ಕ್ರೀಮ್ ಹಚ್ಚುವುದು ಸುಮ್ನೆ ದುಡ್ಡು ದಂಡ. ಲೇಸರ್ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಬೆಳಕು ಹೊಡೆದು ಆ ಚೂರನ್ನು ಪುಡಿ ಮಾಡುತ್ತದೆ. ಪುಡಿಯನ್ನು ದೇಹವೇ ವಾರಗಟ್ಟಲೆ ನಿಧಾನಕ್ಕೆ ಸಾಗಹಾಕುತ್ತದೆ. ಉಳಿದದ್ದಕ್ಕೆ ಮತ್ತೆ ಹೊಡೆತ. ಹೀಗೆ 6–8 ವಾರಕ್ಕೊಮ್ಮೆ, ಸಾಮಾನ್ಯವಾಗಿ 6ರಿಂದ 10 ಸಲ. ಪ್ರತಿ ಸಲವೂ ರಬ್ಬರ್ ಬ್ಯಾಂಡ್ ಚಟೀರನೆ ಬಡಿದಂಥ ಉರಿ.

ಕಪ್ಪು ಶಾಯಿ ಬೇಗ ಹೋಗುತ್ತದೆ, ಬೆಳಕನ್ನು ಚೆನ್ನಾಗಿ ಹೀರುತ್ತದೆ ನೋಡಿ. ಅಜ್ಜಿಯರ ಕೈಮೇಲಿನ ಹಸಿರು ಹಚ್ಚೆಯೂ ಹೆಚ್ಚಾಗಿ ಮಸಿಯ ಕಪ್ಪೇ, ಚರ್ಮದಡಿಯಿಂದ ಹಾಗೆ ಕಾಣುತ್ತದೆ ಅಷ್ಟೆ. ಹಠ ಮಾಡುವುದು ಬಣ್ಣದ ಟ್ಯಾಟೂಗಳ ಹಳದಿ, ಹಸಿರು.

ಒಂದು ಎಚ್ಚರ: ನಮ್ಮ ಕಂದು ಚರ್ಮದ ಬಣ್ಣವೂ ಲೇಸರ್ ಬೆಳಕು ಹೀರುತ್ತದೆ. ಅಳತೆ ತಪ್ಪಿದರೆ ಬಿಳಿ ಕಲೆ ಬೀಳಬಹುದು. ಪಾರ್ಲರ್ ಬೇಡ, ಚರ್ಮದ ಡಾಕ್ಟರ ಹತ್ತಿರವೇ ಹೋಗಿ.